ಗುಟುಕಕ್ಕ ಬೀಗ ಹಾಕಿದ ದಿನ

ದೂರದ ದೇಶಗಳಿಗೆ ಹೊರಟವರಿಗೆ ಲಸಿಕೆ ಕೊಡುವ ಕೋಣೆಯೊಂದರಲ್ಲಿ ನಾನೂ ಗುಟುಕಕ್ಕನೂ ಬಹಳ ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ನಾನು ಬಾಗಿಲ ಬಳಿ ಮೇಜು ಹಾಕಿಕೊಂಡು, ಬಂದವರು ಎಲ್ಲಿಗೆ ಹೊರಟಿದ್ದಾರೆ, ಯಾವಾಗ ಹೊರಟಿದ್ದಾರೆ ಎಂದು ವಿಚಾರಿಸಿ ಒಳಗೆ ಬಿಡುವವಳು. ಅವಳು ಒಳಗಿನ ನರ್ಸು. ಬೇರೆ ಲಸಿಕೆಗಳಿಗೆಲ್ಲ ಸೂಜಿ ಇತ್ತು, ಚುಚ್ಚಲು ಬೇರೆಯವರಿದ್ದರು. ಕಾಲರಾದ್ದು ಮಾತ್ರ ಕುಡಿಯುವ ಲಸಿಕೆ, ಅದು ಇವಳ ಪಾಲಿನದು. ತಣ್ಣೀರಿಗೆ ಒಂದು ಪೊಟ್ಟಣ ಸೋಡಾ ಪುಡಿ ಸುರಿದು, ಅದು ಬುಸ್ಸೆಂದು ನೊರೆಯೆದ್ದು ಅಡಗಿದ ಮೇಲೆ, ಫ್ರಿಜ್ಜಿನಿಂದ ತೆಗೆದ ಪುಟ್ಟ ಸೀಸೆಯನ್ನು ಚೆನ್ನಾಗಿ ಕುಲುಕಿ ಅದಕ್ಕೆ ಬೆರೆಸುತ್ತಿದ್ದಳು. ಆಮೇಲೆ ಲೋಟವನ್ನು ಎದುರಿನವರ ಕೈಗಿಟ್ಟು, "ಒಂದೇ ಗುಟುಕು, ಎತ್ತಿಬಿಡಿ" ಅನ್ನುತ್ತಿದ್ದಳು. ಹಡಗಿನಲ್ಲಿ ಅಡುಗೆ ಮಾಡುವವನೊಬ್ಬ ಅವಳಿಗೆ ಗುಟುಕಕ್ಕ ಎಂದು ಹೆಸರಿಟ್ಟು ಹೋದ. ಅವನು ಮತ್ತೆ ಬರಲಿಲ್ಲ, ಹೆಸರು ಉಳಿಯಿತು.

ಲಸಿಕೆ ಎಂದರೆ ಸೂಜಿ ಎಂದುಕೊಂಡು ಬಂದವರು ಕೋಣೆಯೊಳಗೆ ಕಾಲಿಟ್ಟ ಕೂಡಲೇ ಅಂಗಿಯ ತೋಳು ಮಡಚುತ್ತಿದ್ದರು. "ತೋಳು ಇಳಿಸಿ, ಬಾಯಿ ತೆಗೀರಿ" ಎಂದು ಇವಳು ಗದರಿಸುವಳು. ಆಳೆತ್ತರದ ಗಂಡಸರು ಮೂಗು ಹಿಡಿದುಕೊಂಡು ಕಣ್ಣು ಮುಚ್ಚಿ ಕುಡಿಯುವುದನ್ನು ನೋಡಿ ನಾವಿಬ್ಬರೂ ನಕ್ಕಿದ್ದಿದೆ. ಒಮ್ಮೆ ಹೊಸದಾಗಿ ಮದುವೆಯಾದ ಜೋಡಿಯೊಂದು ಲೋಟಕ್ಕೆ ಲೋಟ ತಾಗಿಸಿ ಕುಡಿದಾಗ, "ಒಳ್ಳೇದಾಗ್ಲಿ. ಇನ್ನೊಂದು ಗಂಟೆ ಮುತ್ತು ಬಿಟ್ಟು ಬೇರೇನೂ ಬಾಯಿಗೆ ಹಾಕ್ಬೇಡಿ" ಅಂದಳು. ಹುಡುಗಿ ನಾಚಿ ನೀರಾದಳು. ಹುಡುಗ ಮಾತ್ರ ಗಂಭೀರವಾಗಿ "ಆಯ್ತು ಸಿಸ್ಟರ್" ಅಂದ.

ಈ ಗಂಟೆಯ ವಿಷಯ ಬರೀ ತಮಾಷೆಯಲ್ಲ. ಕಾಲರಾ ಲಸಿಕೆ ಕುಡಿಯುವ ಮುಂಚೆ ಒಂದು ಗಂಟೆ, ಕುಡಿದ ಮೇಲೆ ಒಂದು ಗಂಟೆ ಏನೂ ತಿನ್ನಬಾರದು, ನೀರೂ ಕುಡಿಯಬಾರದು. ಹೊಟ್ಟೆಯಲ್ಲಿ ಆಹಾರವಿದ್ದರೆ ಮದ್ದು ಹಿಡಿಯುವುದಿಲ್ಲ. ಒಂದು ಸಲ ಕುಡಿದರೆ ಸಾಲದು, ವಾರವಾದರೂ ಬಿಟ್ಟು ಇನ್ನೊಂದು ಸಲ ಕುಡಿಯಬೇಕು. ಮೊದಲ ಸಲವೇ ಇದನ್ನೆಲ್ಲ ಬಿಡಿಸಿ ಹೇಳಿ ಕಳಿಸಿದರೂ ಎರಡನೆಯ ಸಲ ಬರುವಾಗ ಯಾರಾದರೊಬ್ಬರು ದಾರಿಯಲ್ಲಿ ಏನಾದರೂ ಮೆದ್ದು ಬಂದೇ ಬರುತ್ತಿದ್ದರು. ಊರು ಬಿಟ್ಟು ಹೊರಟವರಿಗೆ ಅದೇನು ಹಸಿವೋ ದೇವರೇ ಬಲ್ಲ. ನಾನಾಗಿದ್ದರೆ ನಾಲ್ಕು ಮಾತು ಅಂದು ನಾಳೆ ಬನ್ನಿ ಎಂದು ಅಟ್ಟುತ್ತಿದ್ದೆ. ಗುಟುಕಕ್ಕ ಅಟ್ಟುತ್ತಿರಲಿಲ್ಲ. ಕಿಟಕಿ ಪಕ್ಕದ ಬೆಂಚು ತೋರಿಸಿ, "ಕೂತ್ಕೊಳ್ಳಿ, ಹೊಟ್ಟೆ ತಾನಾಗೇ ಖಾಲಿ ಆಗುತ್ತೆ. ನಾನೆಲ್ಲೂ ಓಡಿ ಹೋಗಲ್ಲ" ಅನ್ನುವಳು. ಮುಚ್ಚುವ ಹೊತ್ತು ಮೀರಿದರೂ ಸರಿಯೇ. ಲಾರಿ ಓಡಿಸುವವನೊಬ್ಬ ಕೊನೆಯ ಗಳಿಗೆಯಲ್ಲಿ ಹೊಟ್ಟೆ ಬಿರಿಯ ಉಂಡು ಬಂದಾಗ, ಕಚೇರಿಯೆಲ್ಲ ಖಾಲಿಯಾದ ಮೇಲೂ ಸ್ವೆಟರು ಹೆಣೆಯುತ್ತ ಅವನ ಎದುರು ಕೂತಿದ್ದಳು. ಅವನು ಬೆಂಚಿನ ಮೇಲೆ ಗೊರಕೆ ಹೊಡೆದನಂತೆ, ಇವಳೇ ಎಬ್ಬಿಸಿ ಕುಡಿಸಿದಳಂತೆ.

ಹೀಗೆ ಕಂಡ ಕಂಡವರನ್ನೆಲ್ಲ ಕೂರಿಸಿಕೊಂಡು ಕಾದವಳು ಒಬ್ಬಳನ್ನು ಮಾತ್ರ ಕೂರಿಸಲಿಲ್ಲ. ಆ ಒಬ್ಬಳು ಅವಳ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ.

ಅಣ್ಣತಮ್ಮಂದಿರದು ಒಂದೇ ಮನೆ. ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಅಡುಗೆಮನೆ ಬೇರೆ, ಬಾಗಿಲು ಬೇರೆ. ಹಿಂದಿನ ಅಂಗಳ, ಅದರಲ್ಲಿದ್ದ ನಲ್ಲಿ, ಬಟ್ಟೆ ಒಣಗಿಸುವ ಹಗ್ಗ ಇಷ್ಟೇ ಇಬ್ಬರಿಗೂ ಸೇರಿದ್ದು. ಅತ್ತೆ ಇದ್ದಾಗ ಇವರಿಬ್ಬರನ್ನು ದೊಡ್ಡವಳು, ಚಿಕ್ಕವಳು ಎಂದು ಕರೆಯುತ್ತಿದ್ದಳು. ಅತ್ತೆ ಹೋದ ಮೇಲೂ ಮನೆಯಲ್ಲಿ ಹಾಗೇ ನಡೆಯಿತು. ದೊಡ್ಡವಳದು ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ನಾಲ್ಕು ಜನ ಸೇರಿದ ಕಡೆ ಎಲ್ಲರನ್ನೂ ನಗಿಸಬೇಕು. ನಗಿಸಲು ಯಾರಾದರೊಬ್ಬರು ಬಲಿಯಾಗಬೇಕಲ್ಲ. ಹತ್ತಿರ ಕೂತವರು ಆಗುತ್ತಿದ್ದರು. ಹತ್ತಿರ ಕೂತಿರುತ್ತಿದ್ದವಳು ಸಾಮಾನ್ಯವಾಗಿ ಚಿಕ್ಕವಳು, ನಮ್ಮ ಗುಟುಕಕ್ಕ.

ಅತ್ತೆ ಕಾಲು ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಮಲಮೂತ್ರ ಬಳಿದದ್ದೆಲ್ಲ ಚಿಕ್ಕವಳೇ. ನರ್ಸು ಮನೆಯಲ್ಲೇ ಇರುವಾಗ ಇನ್ನೊಬ್ಬರು ಯಾಕೆ ಕೈಯಿಡಬೇಕು ಎಂದು ಎಲ್ಲರೂ ಲೆಕ್ಕ ಹಾಕಿದ್ದರು. ಆ ದಿನಗಳಲ್ಲೇ ಒಮ್ಮೆ ನೆಂಟರೆಲ್ಲ ಬಂದಿದ್ದಾಗ ಚಿಕ್ಕವಳು ಬೆಳಿಗ್ಗೆಯಿಂದ ಒಲೆಯ ಮುಂದೆ ಬೆಂದು ಎಲ್ಲರಿಗೂ ಬಡಿಸಿದಳು. ದೊಡ್ಡವಳು ಮೊದಲ ತುತ್ತು ಬಾಯಿಗಿಟ್ಟು, "ರುಚಿ ಏನೋ ಇದೆ. ಆದ್ರೆ ಯಾಕೋ ಫಿನಾಯಿಲ್ ವಾಸನೆ ಬರ್ತಿದೆ ಅಲ್ವಾ?" ಅಂದಳು. ಇಡೀ ಪಂಕ್ತಿ ನಕ್ಕಿತು. ಗುಟುಕಕ್ಕನ ಗಂಡನೂ ನಕ್ಕ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೊಡ್ಡವಳು ಅದನ್ನು ಕೈ ತೊಳೆಯುವ ಹೊತ್ತಿಗೆ ಮರೆತಿದ್ದಳು. ಚಿಕ್ಕವಳು ಅಂದಿನಿಂದ ನೆಂಟರು ಬಂದರೆ ತರಕಾರಿ ಹೆಚ್ಚಿಕೊಡುವುದಷ್ಟೇ, ಒಲೆಯ ಹತ್ತಿರ ಹೋಗುತ್ತಿರಲಿಲ್ಲ.

ದೊಡ್ಡವಳ ಮಗಳು ಗಂಡನ ಜೊತೆ ಬಹು ದೂರದ ದೇಶವೊಂದರಲ್ಲಿದ್ದಳು. ಅಳಿಯನಿಗೆ ಅಲ್ಲಿ ಸೇತುವೆ ಕಟ್ಟುವ ಕೆಲಸ. ಮಗಳು ಚೊಚ್ಚಲ ಬಸುರಿ. ಹೆರಿಗೆಗೆ ಅಮ್ಮ ಹತ್ತಿರ ಇರಬೇಕೆಂದು ಫೋನಿನಲ್ಲಿ ದಿನಾ ಅಳುತ್ತಿದ್ದಳಂತೆ. ಆ ದೇಶದಲ್ಲಿ ಆಗ ಕಾಲರಾ ಕಾಣಿಸಿಕೊಂಡಿತ್ತು, ಲಸಿಕೆ ತಗೊಂಡೇ ಬನ್ನಿ ಎಂದು ಅಳಿಯ ಎರಡೆರಡು ಸಲ ಹೇಳಿದ್ದ. ಊರಿಗೆಲ್ಲ ಕಾಲರಾ ಲಸಿಕೆ ಸಿಗುವ ಜಾಗ ನಮ್ಮದೊಂದೇ. ಹಾಗಾಗಿ ದೊಡ್ಡವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಒಳಗೆ ಬಿಡುವ ಮುಂಚೆಯೇ ನನ್ನನ್ನು ಎರಡು ಸಲ ನಗಿಸಿದಳು.

ಅಂದು ಬೆಂಚಿನ ತುಂಬ ಜನ. ಗುಟುಕಕ್ಕ ಲೋಟ ಕೊಟ್ಟಳು, ದೊಡ್ಡವಳು ಗಟಗಟ ಕುಡಿದು ಬಾಯಿ ಚಪ್ಪರಿಸಿದಳು. ಆಮೇಲೆ ಬೆಂಚಿನ ಕಡೆ ತಿರುಗಿ, "ನಮ್ಮ ಚಿಕ್ಕವಳು ಇಷ್ಟು ವರ್ಷದಲ್ಲಿ ಮಾಡಿಕೊಟ್ಟಿದ್ರಲ್ಲಿ ರುಚಿಯಾಗಿರೋದು ಇದೊಂದೇ ನೋಡಿ" ಅಂದಳು. ಬೆಂಚು ನಕ್ಕಿತು. ನಾನೂ ನಕ್ಕೆ, ಫಿನಾಯಿಲಿನ ಕಥೆ ಆಗ ನನಗೆ ಗೊತ್ತಿರಲಿಲ್ಲ. ಗುಟುಕಕ್ಕ ಮುಂದಿನ ಲೋಟಕ್ಕೆ ನೀರು ಅಳೆಯುತ್ತಿದ್ದಳು. ಆ ಕೋಣೆ ಅವಳದು, ಅಲ್ಲಿ ಅವಳನ್ನು ಕಂಡು ಯಾರೂ ಹಾಗೆ ನಕ್ಕಿರಲಿಲ್ಲ.

ದೊಡ್ಡವಳು ಎರಡನೆಯ ಸಲ ಬಂದದ್ದು ಹೊರಡುವ ಹಿಂದಿನ ದಿನ, ಮಧ್ಯಾಹ್ನ ಕಳೆದ ಮೇಲೆ. ನಾನು ಅಂದು ಹಲ್ಲು ಕೀಳಿಸಿಕೊಳ್ಳಲು ಅರ್ಧ ರಜೆ ಹಾಕಿದ್ದೆ. ಡಾಕ್ಟರು ಯಾವುದೋ ಸಭೆಗೆ ಹೋಗಿದ್ದರು. ಸೂಜಿಯವರು ಕೆಲಸ ಮುಗಿಸಿ ಹೊರಟಿದ್ದರು. ಅಲ್ಲಿ ನಡೆದದ್ದನ್ನು ಗುಟುಕಕ್ಕನೇ ನನಗೆ ಹೇಳಿದಳು, ಅದೂ ತೀರ ಇತ್ತೀಚೆಗೆ.

ದೊಡ್ಡವಳು ಎರಡೂ ಕೈಯಲ್ಲಿ ಚೀಲ ಹಿಡಿದು ಬೆವರುತ್ತ ಬಂದಳು. ಮಗುವಿಗೆ ಬಟ್ಟೆ, ಮಗಳಿಗೆ ಬಟ್ಟೆ, ಅಳಿಯನಿಗೆ ಶೂಸು, ಬೆಳಿಗ್ಗೆಯಿಂದ ಅಂಗಡಿ ಅಂಗಡಿ ಸುತ್ತಿದ್ದಳು. ಗುಟುಕಕ್ಕ ಎಲ್ಲರನ್ನೂ ಕೇಳುವಂತೆ ಕೇಳಿದಳು.

"ಏನಾದ್ರೂ ತಿಂದಿದ್ದೀರಾ ಅಕ್ಕಾ?"

"ಬಸ್ ಇಳಿದಾಗ ಕಣ್ಣು ಕತ್ತಲೆ ಬಂತು ಕಣೆ. ಒಂದು ಬನ್ನು ತಿಂದೆ, ಈಗಷ್ಟೇ."

"ಹಾಗಾದ್ರೆ ಕೊಡೋಕಾಗಲ್ಲ. ಹೋದ ಸಲವೇ ಹೇಳಿದ್ನಲ್ಲ. ನಾಳೆ ಬನ್ನಿ."

"ನಾಳೆ ಬೆಳಿಗ್ಗೆ ನಾನು ವಿಮಾನದಲ್ಲಿರ್ತೀನಲ್ಲೇ. ನಿನಗೆ ಗೊತ್ತಿಲ್ವಾ?"

"ಗೊತ್ತು. ನಾನೇನು ಮಾಡ್ಲಿ? ನಿಯಮ ಎಲ್ಲರಿಗೂ ಒಂದೇ."

ದೊಡ್ಡವಳು ಸುತ್ತ ನೋಡಿದಳು. ಕಿಟಕಿ ಪಕ್ಕದ ಬೆಂಚು ಖಾಲಿಯಿತ್ತು. ಮುಚ್ಚುವುದಕ್ಕೆ ಒಂದು ಗಂಟೆಗಿಂತ ಹೆಚ್ಚೇ ಸಮಯವಿತ್ತು. "ಕೂತ್ಕೊಳ್ಳಿ" ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತಂತೆ. ಇಷ್ಟು ವರ್ಷ ಯಾರಿಗೂ ಇಲ್ಲ ಅನ್ನದೆ ಆಡಿದ ಮಾತು. ಅದನ್ನು ನುಂಗಿಕೊಂಡು ಗುಟುಕಕ್ಕ ಮೇಜು ಒರೆಸತೊಡಗಿದಳು. ದೊಡ್ಡವಳು ಇನ್ನೊಂದು ಮಾತಾಡದೆ ಚೀಲಗಳನ್ನು ಎತ್ತಿಕೊಂಡು ಹೊರಗೆ ಹೋದಳು. ಅವಳು ಸುಮ್ಮನಾದದ್ದನ್ನು ಗುಟುಕಕ್ಕ ನೋಡಿದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ಖುಷಿಯಾಯಿತು ಎಂದಳು ನನಗೆ. ಹೊಟ್ಟೆಯೊಳಗೆ ತಣ್ಣಗಾಯಿತು ಎಂದಳು.

ಆ ತಂಪು ಬಹಳ ಹೊತ್ತು ಉಳಿಯಲಿಲ್ಲ. ದೊಡ್ಡವಳಿಗೆ ಬುದ್ಧಿ ಇಲ್ಲದೆ ಇಲ್ಲ, ಒಂದು ಗಂಟೆ ಬಿಟ್ಟು ತಿರುಗಿ ಬಂದರೆ? ಆಗ ಹೇಳಲು ಯಾವ ನಿಯಮವೂ ಇರುವುದಿಲ್ಲ. ಆಗ ಕೊಡಲೇಬೇಕು, ಕೊಟ್ಟರೆ ಅವಳು ಮತ್ತೆ ನಗುತ್ತಾಳೆ. ಹೀಗೆ ಯೋಚನೆ ಬಂದದ್ದೇ ತಡ, ಗುಟುಕಕ್ಕ ಫ್ರಿಜ್ಜು ನೋಡಿ, ಕಿಟಕಿ ಹಾಕಿ, ಮುಂಬಾಗಿಲಿಗೆ ಒಳಗಿನಿಂದ ಬೀಗ ಜಡಿದು, ಬಟ್ಟೆ ಒಗೆಯುವವರ ಓಣಿಗೆ ತೆರೆಯುವ ಹಿಂಬಾಗಿಲಿನಿಂದ ಮನೆಗೆ ಹೊರಟುಬಿಟ್ಟಳು. ಕೆಲಸಕ್ಕೆ ಸೇರಿದಾಗಿನಿಂದ ಅವಳು ಹೊತ್ತಿಗೆ ಮುಂಚೆ ಬಾಗಿಲು ಮುಚ್ಚಿದ್ದು ಅದೊಂದೇ ಸಲ.

ಸಂಜೆ ಪಕ್ಕದ ಮನೆಯಲ್ಲಿ ಸೂಟ್‌ಕೇಸಿನ ಜಿಪ್ಪು ಎಳೆಯುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಹೋಗಿ ಬರುತ್ತೇನೆ ಎಂದು ಹೇಳಲು ದೊಡ್ಡವಳು ಹಿಂದಿನ ಅಂಗಳದಿಂದ ಬಂದಳು. ಗುಟುಕಕ್ಕನ ಚೀಲ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು, ಚೀಲದಲ್ಲಿ ಬೀಗದ ಕೈ ಇತ್ತು. ಆಗಲಾದರೂ ನಡೀರಿ ಅಕ್ಕಾ, ಹೋಗಿ ಬಾಗಿಲು ತೆಗೆದು ಕೊಡ್ತೀನಿ ಅನ್ನಬಹುದಿತ್ತು. "ಹುಷಾರು ಅಕ್ಕಾ. ಕುದಿಸಿ ಆರಿಸಿದ ನೀರು ಬಿಟ್ಟು ಬೇರೆ ನೀರು ಮುಟ್ಬೇಡಿ" ಅಂದಳು. ದೊಡ್ಡವಳು ತಲೆಯಾಡಿಸಿ, "ಬರ್ತೀನಿ ಕಣೆ" ಎಂದು ಹೋದಳು.

ಮುಂದಿನ ತಿಂಗಳು ಅಳಿಯನ ಫೋನು ಬಂತು. ದೊಡ್ಡವಳಿಗೆ ಕಾಲರಾ. ಬೆಳಿಗ್ಗೆ ನೆಟ್ಟಗಿದ್ದವಳು ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿಬಿದ್ದು ಗುರುತು ಸಿಗದಂತೆ ಆಗಿದ್ದಳಂತೆ. ಎರಡೂ ಕೈಗೆ ಸಲೈನು ಹಾಕಿದ್ದಾರೆ, ಮೂತ್ರ ನಿಂತಿದೆ, ಉಳಿಯುವುದು ಕಷ್ಟ ಎನ್ನುತ್ತಿದ್ದಾರೆ. ಭಾವ, ದೊಡ್ಡವಳ ಗಂಡ, ಫೋನು ಇಟ್ಟು ನೇರ ಗುಟುಕಕ್ಕನ ಮನೆಗೆ ಬಂದು ಕೇಳಿದ.

"ಆ ಎರಡನೇದು ಕುಡಿದಿದ್ರೆ ಬರ್ತಿರ್ಲಿಲ್ವಾ ಅಮ್ಮಾ?"

"ಹೇಳೋಕಾಗಲ್ಲ ಭಾವ. ಎರಡೂ ಕುಡಿದವರಿಗೂ ಒಂದೊಂದು ಸಲ ಬರುತ್ತೆ" ಅಂದಳು. ಸುಳ್ಳಲ್ಲ. ಆದರೆ ಕುಡಿದಿದ್ದರೆ ಆ ಎರಡನೆಯದು ಮೈಗೆ ಹತ್ತಲು ಬೇಕಾದಷ್ಟು ದಿನ ಸಿಕ್ಕಿತ್ತು ಎಂಬುದೂ ಅವಳಿಗೆ ಗೊತ್ತಿತ್ತು. ಕಾಲರಾದ ಲಸಿಕೆಯ ಬಗ್ಗೆ ಅಷ್ಟು ಗೊತ್ತಿದ್ದವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಹೋಗ್ಲಿ ಬಿಡು, ನೀನು ಸರಿಯಾಗೇ ಹೇಳಿದ್ದೆ. ಬನ್ನು ತಿಂದುಬಿಟ್ಟೆ ಅಂತ ಹೊರಡೋವಾಗ ಅವಳೇ ಹೇಳಿದ್ಲು. ಬಾಯಿ ಕಟ್ಟೋದು ಅವಳಿಗೆ ಎಂದಾದ್ರೂ ಗೊತ್ತಾ" ಎಂದು ಭಾವ ಕಣ್ಣೊರೆಸಿಕೊಂಡ.

ಆ ದಿನಗಳಲ್ಲಿ ಗುಟುಕಕ್ಕ ನೀರು ಅಳೆಯುವಾಗ ಗೆರೆ ದಾಟಿ ಚೆಲ್ಲುತ್ತಿದ್ದಳು, ಮತ್ತೆ ಅಳೆಯುತ್ತಿದ್ದಳು. ಓರಗಿತ್ತಿಯ ಚಿಂತೆ ಎಂದುಕೊಂಡೆ. ಇದರ ನಡುವೆ ನಮ್ಮ ಡಾಕ್ಟರು ಎಲ್ಲಿಂದಲೋ ವಿಷಯ ತಿಳಿದುಕೊಂಡು, ಹೊಸದಾಗಿ ಸೇರಿದ ನರ್ಸುಗಳ ಮುಂದೆ ಇವಳನ್ನು ನಿಲ್ಲಿಸಿ, "ಸ್ವಂತ ಓರಗಿತ್ತಿ ಬಂದ್ರೂ ತಿಂದಿದ್ದಾರೆ ಅಂತ ವಾಪಸ್ ಕಳಿಸಿದ್ರು. ಶಿಸ್ತು ಅಂದ್ರೆ ಇದು" ಎಂದು ಹೊಗಳಿದರು. ಗುಟುಕಕ್ಕ ನಿಂತಲ್ಲೇ ಬೆವರಿದಳು. ಹೊಗಳಿಕೆ ಇಷ್ಟು ಸುಡುತ್ತದೆ ಎಂದು ನನಗೂ ಆಗ ತಿಳಿಯದು. ಅವರು ಶಿಸ್ತು ಎಂದಾಗೆಲ್ಲ ಇವಳು ಯಾಕೆ ಬಾಗಿಲ ಕಡೆ ನೋಡುತ್ತಾಳೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಕಳ್ಳ ಎಂದವರೇ ಯಾರೂ ಇರಲಿಲ್ಲ. ಹೆಗಲು ಮಾತ್ರ ಹಗಲೂ ರಾತ್ರಿ ತುರಿಸುತ್ತಿತ್ತು.

ಊರಿಗೆ ಉಪಕಾರಿ, ಮನೆಗೆ ಮಾರಿ. ಈ ಗಾದೆಯನ್ನು ಅವಳು ತನಗೆ ತಾನೇ ದಿನಾ ಹೇಳಿಕೊಳ್ಳುತ್ತಿದ್ದಳಂತೆ, ಲೋಟ ತೊಳೆಯುವಾಗ.

ದೊಡ್ಡವಳು ಉಳಿದಳು. ಆದರೆ ಅವಳು ಇನ್ನೂ ಬೇರೆಯವರನ್ನು ಹತ್ತಿರ ಬಿಡದ ವಾರ್ಡಿನಲ್ಲಿ ಮಲಗಿದ್ದಾಗಲೇ, ಅದೇ ಊರಿನ ಇನ್ನೊಂದು ಮೂಲೆಯ ಆಸ್ಪತ್ರೆಯಲ್ಲಿ ಮಗಳಿಗೆ ಹೆರಿಗೆಯಾಯಿತು. ಅಮ್ಮ ಬೇಕು ಅಮ್ಮ ಬೇಕು ಎಂದು ಹುಡುಗಿ ಒಂದು ಇಡೀ ಹಗಲು ನೋವು ತಿಂದಳಂತೆ. ಸುತ್ತ ಇದ್ದವರಿಗೆ ಅವಳ ಭಾಷೆ ಬಾರದು. ಹೆಣ್ಣು ಮಗು ಎಂಬ ಸುದ್ದಿಯನ್ನು ದೊಡ್ಡವಳಿಗೆ ವಾರ್ಡು ಗುಡಿಸುವವಳು ಕೈಸನ್ನೆ ಮಾಡಿ ತಿಳಿಸಿದಳಂತೆ. ಎದ್ದು ಓಡಾಡುವಂತಾಗಿ ಮೊಮ್ಮಗಳನ್ನು ಎತ್ತಿಕೊಳ್ಳುವ ಹೊತ್ತಿಗೆ, ಅಲ್ಲಿರಲು ಕೊಟ್ಟ ಅವಧಿ ಮುಗಿಯುತ್ತ ಬಂದಿತ್ತು. ಎರಡು ಚೀಲ ತುಂಬ ಬಟ್ಟೆ ಹೊತ್ತು ಹೋದವಳು ಬಾಣಂತನ ಮಾಡಿಸಿಕೊಂಡವಳಂತೆ ಮಗಳ ಕೈಯಲ್ಲಿ ಗಂಜಿ ಕುಡಿದು ವಾಪಸು ಬಂದಳು.

ಬಂದ ಮೇಲೆ ಅವಳ ನಾಲಿಗೆ ಮೊದಲಿನಂತಿರಲಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಗುಟುಕಕ್ಕ ಅವಳ ಮನೆಯ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಂಡಳು. ನೀರು ತುಂಬಿಸಿದಳು, ಬಟ್ಟೆ ಒಗೆದಳು, ಕಚೇರಿಯಿಂದ ಬಂದವಳೇ ಕೈಕಾಲಿಗೆ ಎಣ್ಣೆ ತಿಕ್ಕಿದಳು. ಅಡುಗೆಯನ್ನೂ ಮಾಡಿ ಒಯ್ದಳು, ದೊಡ್ಡವಳು ಒಂದು ಮಾತೂ ಅನ್ನದೆ ಉಂಡಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎನಿಸುತ್ತಿತ್ತಂತೆ ಇವಳಿಗೆ. ಓರಗಿತ್ತಿಯರು ಅಂದರೆ ಹೀಗಿರಬೇಕು ಎಂದು ಬೀದಿಯವರು ಆಡಿಕೊಂಡರು. ಇವಳಿಗೆ ಮಾತ್ರ ಗಂಟಲಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಹಿಂದಿನ ಅಂಗಳದಲ್ಲಿ ಹಗ್ಗದಿಂದ ಹಾಸಿಗೆಯ ಹೊದಿಕೆಗಳನ್ನು ತೆಗೆದು ಮಡಚುತ್ತಿದ್ದರು. ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಮೂಲೆ. ಗುಟುಕಕ್ಕನಿಗೆ ತಡೆಯಲಾಗಲಿಲ್ಲ.

"ಅಕ್ಕಾ, ಅವತ್ತು ನಿಮ್ಮನ್ನ ಕೂರಿಸ್ಬೋದಿತ್ತು" ಅಂದಳು. "ಒಂದು ಗಂಟೆ ಕೂತಿದ್ರೆ ಕೊಡ್ಬೋದಿತ್ತು. ಎಲ್ಲರನ್ನೂ ಕೂರಿಸ್ತೀನಿ. ನಿಮ್ಮನ್ನ ಬೇಕಂತಲೇ ಕಳಿಸ್ದೆ. ನಿಯಮ ಅಂದಿದ್ದು ನೆಪ."

ದೊಡ್ಡವಳು ತನ್ನ ಕಡೆಯ ಮೂಲೆಗಳನ್ನು ಬಿಗಿ ಹಿಡಿದು ಜಗ್ಗಿದಳು, ಬಟ್ಟೆಯ ಸುಕ್ಕು ಹೋಯಿತು.

"ಕೂತಿದ್ದೆ ಕಣೆ" ಅಂದಳು.

"ಎಲ್ಲಿ?"

"ನಿಮ್ಮ ಕಚೇರಿ ಎದುರಿಗೆ ಗಡಿಯಾರ ರಿಪೇರಿ ಅಂಗಡಿ ಇದೆಯಲ್ಲ, ಅದರ ಕಟ್ಟೆ ಮೇಲೆ. ಕೂರಬಹುದಾಮ್ಮಾ ಅಂತ ನಿನ್ನ ಕೇಳೋಕೆ ಬಾಯಿ ಬರ್ಲಿಲ್ಲ. ನಿನ್ನ ಮುಖ ಹಾಗಿತ್ತು. ಮೊದಲನೇ ಸಲ ಬೆಂಚಿನವರ ಮುಂದೆ ಅಂದಿದ್ದು ನಿನಗೆ ನಾಟಿದೆ ಅಂತ ಅವಾಗ ಗೊತ್ತಾಯ್ತು. ಸರಿ, ಗಂಟೆ ಆಗ್ಲಿ, ಇವಳ ಕೋಪಾನೂ ಇಳೀಲಿ, ಒಳಗೆ ಹೋಗಿ ತಪ್ಪಾಯ್ತು ಅಂತ ಹೇಳಿ ಕುಡಿದು ಬರೋಣ ಅಂತ ಕೂತೆ. ಅಂಗಡಿಯವನು ನೀರು ಬೇಕಾ ಅಂದ, ಅದನ್ನೂ ಕುಡೀಲಿಲ್ಲ. ಗಂಟೆ ಆದ್ಮೇಲೆ ಬಂದು ಬಾಗಿಲು ತಟ್ಟಿದೆ. ಯಾರೂ ತೆಗೀಲಿಲ್ಲ, ಒಳಗಿಂದ ಬೀಗ ಬಿದ್ದಿತ್ತು."

ಗುಟುಕಕ್ಕನ ಕೈಯಿಂದ ಒಂದು ಮೂಲೆ ಜಾರಿತು. ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಬೀದಿಯ ಕಡೆ ಒಮ್ಮೆ ಕತ್ತು ತಿರುಗಿಸಿದ್ದರೆ ಸಾಕಿತ್ತು, ಕಟ್ಟೆಯ ಮೇಲೆ ಕೂತವಳು ಕಾಣುತ್ತಿದ್ದಳು. ಇವಳು ಒಳಗಿನಿಂದಲೇ ಜಡಿದು ಓಣಿಯಿಂದ ಹೋಗಿದ್ದಳು.

"ಆ ಸಂಜೆ ಬಂದಿದ್ರಲ್ಲ. ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನೀನು ಹೊತ್ತಿಗೆ ಮುಂಚೆ ಬಾಗಿಲು ಹಾಕ್ಕೊಂಡು ಬಂದೆ ಅಂತ ನಿನ್ನ ಗಂಡನ ಮುಂದೆ ಹೇಳ್ಲಾ? ಕೆಲಸಕ್ಕೆ ಕುತ್ತು ಬಂದ್ರೆ? ಬನ್ನು ತಿಂದೆ ಅಂದೆ. ಅದೇನು ಸುಳ್ಳಲ್ಲವಲ್ಲ."

ಗುಟುಕಕ್ಕ ಅಳತೊಡಗಿದಳು. ಜಾರಿದ ಮೂಲೆ ನೆಲಕ್ಕೆ ತಾಗಿ ಮಣ್ಣಾಗಿತ್ತು. ಅದನ್ನು ಎತ್ತಿಕೊಳ್ಳಲೂ ಆಗದೆ, "ನನಗೆ ಬೈದುಬಿಡಿ ಅಕ್ಕಾ. ಬಾಯಿಗೆ ಬಂದಂಗೆ ಬೈದುಬಿಡಿ" ಅಂದಳು.

 ಕೋಪವೇನೂ ಇರಲಿಲ್ಲವಂತೆ ದೊಡ್ಡವಳ ಮುಖದಲ್ಲಿ.

"ಬೈದ್ರೆ ನಿನಗೆ ಹಗುರ ಆಗುತ್ತೆ" ಅಂದಳು. "ನಾನಿಲ್ಲದೆ ನನ್ನ ಮಗಳು ಹೆತ್ತಳು ಕಣೆ. ನಿನಗೆ ಹಗುರ ಆಗ್ಲಿ ಅನ್ನೋಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ."

ಆಮೇಲೆ ಬಗ್ಗಿ, ಏದುಸಿರು ಬಿಡುತ್ತ, ಜಾರಿದ ಮೂಲೆಯನ್ನು ಎತ್ತಿ ಗುಟುಕಕ್ಕನ ಕೈಗೆ ಕೊಟ್ಟು, "ಹಿಡ್ಕೋ, ಇನ್ನೂ ಎರಡಿವೆ" ಅಂದಳು.